ಭೀಮೆಯ ಹೆಸರು, ಕಾವೇರಿಯ ಮೀನು

ನವಿ ಪೇಠದ ಮನೆಗಳಲ್ಲಿ ನಲ್ಲಿಗೆ ನೀರು ಬರುವ ಹೊತ್ತು ಅವಸರದ ಹೊತ್ತು. ಕೊಡ, ಬಕೆಟ್ಟು, ಡ್ರಮ್ಮುಗಳು ತುಂಬುವವರೆಗೆ ಮನೆಮಂದಿಗೆ ಬೇರೆ ಕೆಲಸ ತೋಚುವುದಿಲ್ಲ. ಈ ನೀರು ಎಲ್ಲಿಯದೆಂದು ಶಾಲೆಯ ಮಕ್ಕಳನ್ನು ಕೇಳಿದರೆ 'ಉಜನಿಯದು' ಎಂದು ಥಟ್ಟನೆ ಹೇಳುತ್ತಾರೆ. ಉತ್ತರ ಸರಿಯಾದುದೇ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಉಜನಿ ಜಲಾಶಯದಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು, ಅಕ್ಕಲಕೋಟ ಸೀಮೆಯ ಅಂಚನ್ನು ಬಳಸಿ ಕರ್ನಾಟಕಕ್ಕೆ ಇಳಿಯುತ್ತಾಳೆ. ಮುಂದೆ ಗಾಣಗಾಪುರವನ್ನು ದಾಟಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಒಟ್ಟು 861 ಕಿಲೋಮೀಟರುಗಳ ಪಯಣ.

ನದಿಯ ದಾರಿಯನ್ನು ಇಷ್ಟು ಸರಾಗವಾಗಿ ಹೇಳಬಲ್ಲ ಮಕ್ಕಳಿಗೂ, ಅವರ ಹಿರಿಯರಿಗೂ, ಆ ನದಿಯಲ್ಲಿ ಬಾಳುವ ಮೀನುಗಳ ಹೆಸರು ಕೇಳಿದಾಗ ಮಾತು ತಡವರಿಸುತ್ತದೆ. ಮೀನು ತಿನ್ನುವ ಮನೆಯವರು ರೋಹು, ಕಟ್ಲಾ, ಚಿಲಾಪಿ ಎಂದು ಮೂರು ಹೆಸರು ಹೇಳಿಯಾರು. ತಿನ್ನದ ಮನೆಯವರು ಅಷ್ಟನ್ನೂ ಹೇಳಲಾರರು. ಸೋಜಿಗವೆಂದರೆ ಆ ಮೂರೂ ಭೀಮೆಯಲ್ಲಿ ಹುಟ್ಟಿ ಬೆಳೆದ ಕುಲದವಲ್ಲ. ರೋಹು ಮತ್ತು ಕಟ್ಲಾ ಉತ್ತರ ಭಾರತದ ನದಿಗಳಿಂದ ತಂದು ಬಿಟ್ಟ ಮೀನುಗಳು. ಚಿಲಾಪಿಯ ತವರು ಆಫ್ರಿಕಾ. ಹಾಗಾದರೆ ಭೀಮೆಯ ಸ್ವಂತ ಮೀನುಗಳು ಯಾವುವು? ಅವು ಇಲ್ಲಿಗೆ ಬಂದದ್ದು ಹೇಗೆ? ಅವುಗಳಲ್ಲಿ ಒಂದರ ಹೆಸರನ್ನು ತಪ್ಪಾಗಿ ಬಳಸಿದ್ದರಿಂದಲೂ, ಇನ್ನೊಂದರ ಮರಿಗಳನ್ನು ಬೇರೆ ನದಿಗೆ ಬಿಟ್ಟಿದ್ದರಿಂದಲೂ, ದೂರದ ಕಾವೇರಿಯಲ್ಲಿ ಏನಾಯಿತು? ಈ ವಾರದ ವಿಷಯ ಅದು.

ನದಿಯೆಂಬ ದ್ವೀಪ

ಸಿಹಿನೀರಿನ ಮೀನಿನ ಮೈಯೊಳಗಿನ ರಸ ಅದರ ಸುತ್ತಲಿನ ನೀರಿಗಿಂತ ಉಪ್ಪು. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಅದು ನೀರನ್ನು ಹೀರಿ ಉಬ್ಬುವಂತೆ, ಹೊರಗಿನ ನೀರು ಕಿವಿರುಗಳ ಮೂಲಕ ಮೀನಿನ ಮೈಯೊಳಕ್ಕೆ ಸದಾ ನುಗ್ಗುತ್ತಿರುತ್ತದೆ. ಆ ನೀರನ್ನು ಮೂತ್ರಪಿಂಡಗಳು ಎಡೆಬಿಡದೆ ಹೊರಹಾಕಬೇಕು. ಅದರೊಡನೆ ಕಳೆದುಹೋಗುವ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಕೋಶಗಳು ನೀರಿನಿಂದ ಮತ್ತೆ ಹೆಕ್ಕಿಕೊಳ್ಳಬೇಕು. ಹಗಲೂ ರಾತ್ರಿಯೂ ನಡೆಯುವ ಕೆಲಸವಿದು. ಇಂಥ ಮೀನನ್ನು ಕಡಲಿಗೆ ಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಹೊರಗಿನ ನೀರೇ ಹೆಚ್ಚು ಉಪ್ಪಾದ್ದರಿಂದ ಮೈಯೊಳಗಿನ ನೀರು ಹೊರಕ್ಕೆ ಸೋರಿ, ನೀರಿನ ನಡುವೆಯೇ ಮೀನು ಬಾಯಾರಿ ಸಾಯುತ್ತದೆ. ಕೆಲವು ಗಟ್ಟಿಜೀವಗಳು ಉಪ್ಪನ್ನೂ ತಾಳಿಕೊಳ್ಳುತ್ತವೆ. ಆದರೆ ಗೆಂಡೆಯ ವಂಶಕ್ಕೆ ಸೇರಿದ ಮೀನುಗಳಲ್ಲಿ ಬಹುಪಾಲಿಗೆ ಆ ಶಕ್ತಿಯಿಲ್ಲ.

ಆದ್ದರಿಂದ ಅವುಗಳಿಗೆ ಕಡಲು ಒಂದು ಗೋಡೆ. ನೆಲ ಇನ್ನೊಂದು ಗೋಡೆ. ಕೃಷ್ಣೆಯೂ ಕಾವೇರಿಯೂ ಬಂಗಾಳ ಕೊಲ್ಲಿಯನ್ನೇ ಸೇರಿದರೂ ಕೃಷ್ಣೆಯ ಗೆಂಡೆ ಕಡಲಿನ ಮೂಲಕ ಕಾವೇರಿಗೆ ಹೋಗಲಾರದು. ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಒಂದು ಇಳಿಜಾರಿನ ಮಳೆನೀರು ಭದ್ರೆಗೆ ಹರಿದು, ತುಂಗಭದ್ರೆಯಾಗಿ ಕೃಷ್ಣೆಗೆ ಸೇರುತ್ತದೆ; ಅದೇ ಜಿಲ್ಲೆಯ ಇನ್ನೊಂದು ಇಳಿಜಾರಿನ ನೀರು ಹೇಮಾವತಿಯಾಗಿ ಕಾವೇರಿಯ ಪಾಲಾಗುತ್ತದೆ. ಮನುಷ್ಯ ಆ ಬೆಟ್ಟವನ್ನು ಅರ್ಧ ದಿನದಲ್ಲಿ ನಡೆದು ದಾಟಿಯಾನು. ಮೀನಿಗೆ ಅದು ದಾಟಲಾಗದ ಗಡಿ. ದ್ವೀಪದ ಜೀವಿಗೆ ಸುತ್ತಲಿನ ಕಡಲು ಹೇಗೋ, ನದಿಯ ಮೀನಿಗೆ ಸುತ್ತಲಿನ ನೆಲ ಹಾಗೆ.

ದ್ವೀಪಗಳಲ್ಲಿ ಆಗುವುದೇ ನದಿಗಳಲ್ಲೂ ಆಗುತ್ತದೆ. ಒಂದೇ ವಂಶದ ಮೀನುಗಳು ಎರಡು ಕಣಿವೆಗಳಲ್ಲಿ ಬೇರ್ಪಟ್ಟು ಲಕ್ಷಾಂತರ ವರ್ಷ ಉಳಿದರೆ, ಪ್ರತಿ ತಲೆಮಾರಿನಲ್ಲಿಯೂ ಹುಟ್ಟುವ ಸಣ್ಣ ಸಣ್ಣ ವ್ಯತ್ಯಾಸಗಳು ಎರಡೂ ಕಡೆ ಬೇರೆ ಬೇರೆಯಾಗಿ ಕೂಡುತ್ತ ಹೋಗುತ್ತವೆ. ಒಂದು ಕಡೆಯ ರಕ್ತ ಇನ್ನೊಂದು ಕಡೆಗೆ ಬೆರೆಯದ ಕಾರಣ ವ್ಯತ್ಯಾಸಗಳು ಅಳಿಸಿಹೋಗುವುದಿಲ್ಲ. ಕೊನೆಗೆ ಒಂದು ಕುಲದ ಎರಡು ಪ್ರಭೇದಗಳಾಗಿ ಅವು ನಿಲ್ಲುತ್ತವೆ. ಜೀವವಿಕಾಸವೆಂಬುದರ ಬಹುದೊಡ್ಡ ಪಾಲು ಹೀಗೆ ಸದ್ದಿಲ್ಲದೆ ಬೇರ್ಪಡುವುದರಲ್ಲಿಯೇ ಇದೆ.

ಬಾಯಿಮಾತಿನಿಂದ ಗ್ರಂಥಕ್ಕೆ

ಭೀಮೆಯ ಮೀನುಗಳು ವಿಜ್ಞಾನದ ಗ್ರಂಥಗಳಿಗೆ ಏರಿದ ಕಥೆ ಸ್ವಾರಸ್ಯದ್ದು. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿಯನ್ನು 1824ರಲ್ಲಿ ಮುಂಬಯಿ ಸರ್ಕಾರ ದಖ್ಖನ್ನಿನ ಅಂಕಿಅಂಶಗಳನ್ನು ಕಲೆಹಾಕಲು ನೇಮಿಸಿತು. ಬೆಳೆ, ಜನ, ತೂಕ, ಅಳತೆ ಎಂದು ಬರೆದುಕೊಳ್ಳುತ್ತಾ ಊರೂರು ತಿರುಗಿದ ಆತ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಮೀನುಗಳನ್ನೂ ಬಿಡದೆ ಗುರುತಿಸಿದ. ಪುಣೆಯ ಮುಳಾ–ಮುಠಾ ಮೊದಲುಗೊಂಡು ಭೀಮೆಯ ಕಣಿವೆಯ ಹೊಳೆಗಳಲ್ಲಿ ಸಿಕ್ಕ ಮೀನುಗಳ ವಿವರಣೆಯನ್ನು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಆ ಮೀನುಗಳಲ್ಲಿ ಅನೇಕವು ವಿಜ್ಞಾನಲೋಕಕ್ಕೆ ಹೊಸವಾಗಿದ್ದವು.

ಹೊಸ ಮೀನಿಗೆ ಹೊಸ ಹೆಸರು ಬೇಕು. ಸೈಕ್ಸ್ ಹಲವು ಕಡೆ ಹೊಳೆಯ ದಂಡೆಯ ಜನ ಕರೆಯುತ್ತಿದ್ದ ಹೆಸರನ್ನೇ ಎತ್ತಿಕೊಂಡ. ಖುದ್ರೀ, ಕೋಲಸ್, ಮುಲ್ಯಾ, ಪೊಟೈಲ್, ಫುಲುಂಗೀ, ಮುಸುಲ್ಲಾ ಎಂಬ ಮಾತುಗಳು ಹೀಗೆ ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ಕುಳಿತವು. ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯದಲ್ಲಿಯೇ ಆಗಲಿ, ದಖ್ಖನ್ನಿನ ಮಹಶೀರ್ 'ಟಾರ್ ಖುದ್ರೀ'; ಕಲ್ಲಿಗೆ ಅಂಟಿ ಬಾಳುವ ಪುಟ್ಟ ಮೀನು 'ಗಾರ್ರಾ ಮುಲ್ಯಾ'. ಬಲೆ ಬೀಸುವವರ ಬಾಯಿಂದ ಬಂದ ಎರಡಕ್ಷರ ಎರಡು ಶತಮಾನವಾಗುತ್ತ ಬಂದರೂ ಉಳಿದುಕೊಂಡಿದೆ. ಆ ಹೆಸರುಗಳನ್ನು ಹೇಳಿಕೊಟ್ಟವರು ಯಾರೆಂದು ಮಾತ್ರ ಆ ಲ್ಯಾಟಿನ್ ಹೆಸರುಗಳು ಹೇಳುವುದಿಲ್ಲ.

ಈ ಮೀನುಗಳ ಮೈಕಟ್ಟನ್ನು ನೋಡಿದರೆ ದಖ್ಖನ್ನಿನ ಹೊಳೆಯ ಸ್ವಭಾವವೇ ಕಣ್ಣಿಗೆ ಕಟ್ಟುತ್ತದೆ. ಮಳೆಗಾಲದಲ್ಲಿ ಭೀಮೆ ಕೆಂಪಗೆ ಉಕ್ಕಿ ಹರಿಯುತ್ತಾಳೆ. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಳಾಗಿ ಒಡೆದು ನಿಲ್ಲುತ್ತಾಳೆ. ಮುಲ್ಯಾ ಮೀನಿನ ಕೆಳತುಟಿ ಅಗಲವಾಗಿ ಬಟ್ಟಲಿನಂತಾಗಿದೆ. ಅದನ್ನು ಬಂಡೆಗೆ ಒತ್ತಿ ಹಿಡಿದು, ಪ್ರವಾಹ ಎಳೆದರೂ ಜಾರದೆ, ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಮರಾಠಿಯಲ್ಲಿ ಮರಳ್ ಎನ್ನುವ, ಕನ್ನಡದಲ್ಲಿ ಕೊರವ ಎನ್ನುವ ಮೀನಿನದು ಬೇರೆ ಉಪಾಯ. ಅದರ ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನು ಹಿಡಿದಿಡುವ ಗೂಡೊಂದಿದೆ. ಮಡುವಿನ ನೀರು ಕೆಸರಾಗಿ ಉಸಿರು ಕಟ್ಟುವಂತಾದಾಗಲೂ ಅದು ಮೇಲೆದ್ದು ಬಂದು ಗಾಳಿಯನ್ನು ನುಂಗಿ ಬದುಕುತ್ತದೆ. ಮೇಲೆ ಬರಲು ಬಿಡದಿದ್ದರೆ ಮೀನಾಗಿಯೂ ನೀರಿನಲ್ಲಿ ಉಸಿರುಗಟ್ಟಿ ಸಾಯುತ್ತದೆ.

ಮಹಶೀರಿನದು ಇನ್ನೊಂದು ಬಗೆಯ ಬಾಳು. ದೊಡ್ಡ ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿಯ ಬಳಿ ಎರಡು ಜೊತೆ ಮೀಸೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಗೆಂಡೆಯ ವಂಶದ ಗುರುತೇ ಇದು. ನೀರಿಗೆ ಬಿದ್ದ ಹಣ್ಣು, ಬೀಜ, ಏಡಿ, ಶಂಖದ ಹುಳು ಎಲ್ಲವನ್ನೂ ನುಂಗಿ ಗಂಟಲಿನಲ್ಲಿ ಅರೆಯುತ್ತದೆ. ಮಳೆ ಬಂದು ಹೊಳೆ ತುಂಬಿದಾಗ ಪ್ರವಾಹಕ್ಕೆ ಎದುರಾಗಿ ಮೇಲೇರಿ, ಶುಭ್ರವಾದ ಗರಸು ಇರುವ ಕಡೆ ಮೊಟ್ಟೆಯಿಡುತ್ತದೆ. ಗರಸಿನ ಸಂದಿನಲ್ಲಿ ತಣ್ಣನೆಯ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ಇದರ ಜೀವಕೋಶದಲ್ಲಿ ಇನ್ನೊಂದು ಹಳೆಯ ಗುರುತೂ ಇದೆ. ರೋಹುವಿಗೆ 50 ವರ್ಣತಂತುಗಳಿದ್ದರೆ ಮಹಶೀರಿಗೆ 100. ಬಹು ಹಿಂದೆ ಈ ಕುಲದ ಪೂರ್ವಜರಲ್ಲಿ ವರ್ಣತಂತುಗಳ ಸಂಖ್ಯೆ ಒಮ್ಮೆಗೇ ಇಮ್ಮಡಿಯಾಯಿತು. ಆ ಘಟನೆಯ ಲೆಕ್ಕವನ್ನು ಪ್ರತಿಯೊಂದು ಮಹಶೀರ್ ಇಂದಿಗೂ ತನ್ನ ಮೈಯಲ್ಲಿ ಹೊತ್ತಿದೆ.

ದಕ್ಷಿಣಕ್ಕೆ ಬಂದ ದಾರಿಗಳು

ಕಡಲೂ ನೆಲವೂ ಗೋಡೆಗಳಾದರೆ ದಕ್ಷಿಣದ ನದಿಗಳಿಗೆ ಮೀನುಗಳು ಬಂದದ್ದಾದರೂ ಹೇಗೆ? ಉತ್ತರ ಒಂದೇ ಅಲ್ಲ.

ಕೆಲವು ಮೀನುಗಳ ನಂಟು ಭೂಖಂಡಗಳ ಕಥೆಯವರೆಗೆ ಹೋಗುತ್ತದೆ. ಕರಾವಳಿಯ ಅಳಿವೆಗಳಲ್ಲಿರುವ, ಕೇರಳದವರು ಕರಿಮೀನ್ ಎಂದು ಮೆಚ್ಚಿ ತಿನ್ನುವ ಎಟ್ರೋಪ್ಲಸ್ ಮೀನಿನ ಹತ್ತಿರದ ಬಂಧುಗಳು ಭಾರತದ ಉಳಿದ ಭಾಗದಲ್ಲಿಲ್ಲ. ಅವು ಇರುವುದು ಕಡಲಿನಾಚೆ, ಮಡಗಾಸ್ಕರ್ ದ್ವೀಪದಲ್ಲಿ. ಭಾರತದ ನೆಲವೂ ಮಡಗಾಸ್ಕರ್ ನೆಲವೂ ಒಂದು ಕಾಲಕ್ಕೆ ಕೂಡಿಕೊಂಡಿದ್ದವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟವು. ಈ ಮೀನುಗಳ ಪೂರ್ವಜರು ನೆಲದೊಡನೆಯೇ ತೇಲಿ ಬಂದವೋ, ಉಪ್ಪುನೀರನ್ನು ತಾಳಬಲ್ಲ ಗುಣದಿಂದ ಆಮೇಲೆ ಕಡಲನ್ನು ದಾಟಿ ಬಂದವೋ ಎಂದು ವಿದ್ವಾಂಸರಲ್ಲಿ ಚರ್ಚೆಯಿದೆ. ನಂಟಂತೂ ನಿಜ.

ಗೆಂಡೆಯ ವಂಶದ ಕಥೆ ಬೇರೆ. ಏಷ್ಯಾದ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ಅವುಗಳ ಬಂಧುಬಳಗ ದೊಡ್ಡದು. ಬೆಟ್ಟದ ತೊರೆಗಳಲ್ಲಿ ಕಲ್ಲಿಗೆ ಅಂಟುವ ಮೀನುಗಳು ಅಸ್ಸಾಮಿನಿಂದ ಮಲಯದವರೆಗೆ ಕಾಣಸಿಗುತ್ತವೆ. ಮತ್ತೆ ಅವುಗಳ ಬಂಧುಗಳೇ ಸಾವಿರಾರು ಕಿಲೋಮೀಟರ್ ದೂರದ ಸಹ್ಯಾದ್ರಿಯಲ್ಲಿ ಕಾಣುತ್ತವೆ. ನಡುವಿನ ಬಯಲಿನಲ್ಲಿ ಮಾತ್ರ ಇಲ್ಲ. ಈ ಒಗಟನ್ನು ಬಿಡಿಸಲು ಹೊರಟವರು ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಹಿರಿಯರಾದ ಸುಂದರ ಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರೂ ಆಗಿದ್ದ ಅವರು 1940ರ ದಶಕದಲ್ಲಿ ಒಂದು ವಾದವನ್ನು ಮುಂದಿಟ್ಟರು. ಹಿಮಯುಗಗಳ ತಂಪು, ತೇವದ ಕಾಲದಲ್ಲಿ ವಿಂಧ್ಯ–ಸಾತ್ಪುರ ಬೆಟ್ಟಸಾಲುಗಳ ತೊರೆಗಳನ್ನೇ ಸೇತುವೆ ಮಾಡಿಕೊಂಡು ಆ ಮೀನುಗಳು ಪೂರ್ವದಿಂದ ಸಹ್ಯಾದ್ರಿಗೆ ಬಂದಿರಬೇಕೆಂಬುದು ಅವರ ವಾದ. 'ಸಾತ್ಪುರ ಸಿದ್ಧಾಂತ'ವೆಂದೇ ಅದು ಹೆಸರಾಯಿತು.

ಈಚೆಗೆ ಡಿ.ಎನ್.ಎ. ಪರೀಕ್ಷೆಗಳು ಬಂದ ಮೇಲೆ ಚಿತ್ರ ಇನ್ನಷ್ಟು ತೊಡಕಾಯಿತು. ಸಹ್ಯಾದ್ರಿಯ ಹಲವು ಮೀನುವಂಶಗಳು ತಮ್ಮ ಪೂರ್ವದ ಬಂಧುಗಳಿಂದ ಹಿಮಯುಗಗಳಿಗಿಂತ ಎಷ್ಟೋ ಮೊದಲೇ ಬೇರ್ಪಟ್ಟಿವೆಯೆಂದು ತಿಳಿದುಬಂತು. ಎಲ್ಲವೂ ಒಂದೇ ಕಾಲದಲ್ಲಿ ಒಂದೇ ದಾರಿಯಿಂದ ಬಂದವಲ್ಲ. ಕೆಲವು ಕಡೆ ರೂಪಸಾಮ್ಯವೂ ಮೋಸ ಮಾಡುತ್ತದೆ. ಒಂದೇ ಬಗೆಯ ರಭಸದ ತೊರೆಯಲ್ಲಿ ಬಾಳಿದ ಬೇರೆ ಬೇರೆ ವಂಶಗಳು ಒಂದೇ ಬಗೆಯ ಮೈಕಟ್ಟನ್ನು ಪಡೆದಾವು. ಇನ್ನು ಗಡಿ ದಾಟಲು ನೆಲವೇ ನೆರವಾದ ಸಂದರ್ಭಗಳೂ ಉಂಟು. ನದಿಯೊಂದು ತನ್ನ ಮೂಲದ ಕಡೆಗೆ ನೆಲವನ್ನು ಕೊರೆಯುತ್ತ ಹೋಗಿ, ಬೆಟ್ಟದಾಚೆಯ ನದಿಯ ಒಂದು ತೊರೆಯನ್ನೇ ತನ್ನತ್ತ ತಿರುಗಿಸಿಕೊಳ್ಳುತ್ತದೆ. ಆ ತೊರೆಯಲ್ಲಿದ್ದ ಮೀನುಗಳು ಮಲಗಿದ್ದಲ್ಲಿಯೇ ಬೇರೆ ನದಿಯ ಪ್ರಜೆಗಳಾಗಿಬಿಡುತ್ತವೆ. ಇಂಥ ಘಟನೆಗಳು ಅಪರೂಪ. ಎರಡು ಘಟನೆಗಳ ನಡುವೆ ಹೊಸ ಪ್ರಭೇದ ರೂಪುಗೊಳ್ಳುವಷ್ಟು ಬಿಡುವು ಪ್ರಕೃತಿಗೆ ಸಿಗುತ್ತದೆ.

ಹೀಗೆ ಬೇರ್ಪಟ್ಟ ಅಣ್ಣತಮ್ಮಂದಿರೇ ಭೀಮೆಯ ಮಹಶೀರ್ ಮತ್ತು ಕಾವೇರಿಯ ಮಹಶೀರ್.

ಕಾವೇರಿಯಲ್ಲಿ ನಡೆದುದು

ಕಾವೇರಿಯಲ್ಲಿ ಒಂದು ಮಹಶೀರ್ ಇದೆ. ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದಿರುತ್ತದೆ. ಈಜುರೆಕ್ಕೆಗಳಲ್ಲಿ ಕಿತ್ತಳೆಯ ಛಾಯೆ. ಮಹಶೀರ್ ಕುಲದಲ್ಲಿಯೇ ಅತಿ ದೊಡ್ಡದೆಂಬ ಕೀರ್ತಿ ಇದಕ್ಕಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. ಶಾಲೆಯ ಏಳನೆಯ ತರಗತಿಯ ಹುಡುಗನಿಗಿಂತ ಹೆಚ್ಚು ತೂಕ! ದೇಶವಿದೇಶಗಳ ಗಾಳಗಾರರು ಅದನ್ನು ನೋಡಲೆಂದೇ ಕಾವೇರಿಗೆ ಬರುತ್ತಿದ್ದರು.

ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲವೆಂದರೆ ನಂಬುವುದು ಕಷ್ಟ. ಕಳೆದ ಶತಮಾನದಲ್ಲಿ ವಿದ್ವಾಂಸರು ಅದನ್ನು 'ಮುಸುಲ್ಲಾ' ಎಂದು ಕರೆದರು. ಆ ಹೆಸರು ಸೈಕ್ಸ್ 1839ರಲ್ಲಿ ಭೀಮೆಯ ಸೀಮೆಯ ಒಂದು ಮೀನಿಗೆ ಕೊಟ್ಟದ್ದು. ಆ ಮೀನು ಮಹಶೀರ್ ಕುಲದ್ದೇ ಅಲ್ಲವೆಂದು, ಹಿಪ್ಸೆಲೊಬಾರ್ಬಸ್ ಎಂಬ ಬೇರೆ ಕುಲಕ್ಕೆ ಸೇರಿದ್ದೆಂದು ಇತ್ತೀಚೆಗೆ ಖಚಿತವಾಯಿತು. ಅಂತೂ ದಶಕಗಳ ಕಾಲ ಕಾವೇರಿಯ ಮೀನು ಭೀಮೆಯ ಮೀನೊಂದರ ಹೆಸರನ್ನು ಹೊತ್ತುಕೊಂಡಿತ್ತು.

ಮೊದಲು ಬಂದದ್ದು ಹೆಸರು. ಆಮೇಲೆ ಮೀನೇ ಬಂತು. ಭೀಮೆಯ ಉಪನದಿಯಾದ ಇಂದ್ರಾಯಣಿ ಹುಟ್ಟುವುದು ಲೋನಾವಳದ ಬಳಿ. ದೇಹು, ಆಳಂದಿಗಳ ಮೂಲಕ ಹರಿಯುವ ಆ ನದಿಯ ತವರಿನಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಜಲಾಶಯಗಳಿವೆ. ಅಣೆಕಟ್ಟು, ಸಿಡಿಮದ್ದು, ಮಾಲಿನ್ಯಗಳಿಂದ ದಖ್ಖನ್ನಿನ ಮಹಶೀರ್ ಕ್ಷೀಣಿಸುತ್ತಿರುವುದನ್ನು ಕಂಡು, 1970ರ ದಶಕದಿಂದ ಅಲ್ಲಿ ಖುದ್ರೀ ಮಹಶೀರಿನ ಮೊಟ್ಟೆಗಳನ್ನು ಕೃತಕವಾಗಿ ಫಲಗೊಳಿಸಿ ಮರಿ ಮಾಡುವ ಕೆಲಸ ಆರಂಭವಾಯಿತು. ಅದು ಭಾರತದಲ್ಲಿ ಮೊದಲ ಸಾಲಿನ ಪ್ರಯತ್ನ. ಲಕ್ಷಗಟ್ಟಲೆ ಮರಿಗಳು ಬೆಳೆದವು. ದೇಶದ ಹಲವು ನದಿಗಳಿಗೆ ಅವನ್ನು ಕೊಂಡೊಯ್ದು ಬಿಡಲಾಯಿತು. ಆ ನದಿಗಳಲ್ಲಿ ಕಾವೇರಿಯೂ ಒಂದು. ಮಹಶೀರ್ ಕಡಿಮೆಯಾಗಿದೆ, ಮಹಶೀರನ್ನು ಬಿಡೋಣ ಎಂಬುದು ಆಗಿನ ಆಲೋಚನೆ. ಅದರಲ್ಲಿ ಕೇಡಿನ ಉದ್ದೇಶ ಯಾರಿಗೂ ಇರಲಿಲ್ಲ. ಯಾವ ನದಿಯ ಮಹಶೀರ್ ಎಂಬ ಪ್ರಶ್ನೆ ಮಾತ್ರ ಕೇಳುವವರಿಲ್ಲದೆ ಉಳಿಯಿತು.

ನೀಲಿ ಛಾಯೆಯ ರೆಕ್ಕೆಗಳ ಖುದ್ರೀ ಕಾವೇರಿಯಲ್ಲಿ ಚೆನ್ನಾಗಿ ಒಗ್ಗಿಕೊಂಡಿತು. ಅದರ ಪರಿಣಾಮ ಗೊತ್ತಾದದ್ದು ಗಾಳಗಾರರ ದಿನಚರಿ ಪುಸ್ತಕಗಳಿಂದ. ಮೇಕೆದಾಟು ಪ್ರದೇಶದ ಗಾಳಿಬೋರೆಯ ಶಿಬಿರದಲ್ಲಿ ಮೀನು ಹಿಡಿದು ಮತ್ತೆ ನದಿಗೇ ಬಿಡುತ್ತಿದ್ದವರು ಪ್ರತಿ ಮೀನಿನ ತೂಕವನ್ನೂ ಬಗೆಯನ್ನೂ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಸಂಶೋಧಕರು ಕೂಲಂಕಷವಾಗಿ ಪರಿಶೀಲಿಸಿ 2015ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು. ಮೇಲ್ನೋಟಕ್ಕೆ ಸಂತೋಷದ ಸುದ್ದಿ. ಬಿಡಿಸಿ ನೋಡಿದಾಗ ಏರಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಸಿಕ್ಕ ಕೆಲವೂ ದೊಡ್ಡ ದೊಡ್ಡ ಮೀನುಗಳು; ಸಣ್ಣವು ಸಿಗುತ್ತಲೇ ಇರಲಿಲ್ಲ. ವೃದ್ಧರಷ್ಟೇ ಉಳಿದು ಮಕ್ಕಳ ದನಿ ಕೇಳದ ಊರಿನಂತಾಗಿತ್ತು ಆ ಮೀನಿನ ಬಾಳು.

ಇದಕ್ಕೆ ಖುದ್ರೀ ಒಂದೇ ಕಾರಣವೆಂದು ಹೇಳಲಾಗದು. ಅಣೆಕಟ್ಟುಗಳು ಮೊಟ್ಟೆಯಿಡುವ ದಾರಿಯನ್ನು ಕಡಿದಿವೆ. ಮರಳು ತೆಗೆದು ಹೊಳೆಯ ತಳ ಕೆಟ್ಟಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಇದ್ದಾರೆ. ಹೀಗೆ ಬಳಲಿದ ಮೀನಿಗೆ ಅದರ ಅನ್ನವನ್ನೇ ತಿನ್ನುವ, ಅದರ ಜಾಗವನ್ನೇ ಹಿಡಿಯುವ ದಾಯಾದಿಯೂ ಎದುರಾದಂತಾಯಿತು. ಎರಡಕ್ಕೂ ಜನ ಮಹಶೀರ್ ಎಂದೇ ಕರೆಯುತ್ತಿದ್ದುದರಿಂದ ಒಂದು ಅಳಿಯುತ್ತಿರುವುದು ಇನ್ನೊಂದರ ಏರಿಕೆಯಲ್ಲಿ ಮುಚ್ಚಿಹೋಯಿತು.

ಕೊನೆಗೆ ಸರಿಯಾದ ಹೆಸರು ಸಿಕ್ಕಿದ್ದು 2018ರಲ್ಲಿ. ಕಾವೇರಿಯ ಕಣಿವೆಗೇ ಸೇರಿದ, ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ 'ಟಾರ್ ರೆಮಾದೇವಿ' ಎಂಬ ಮಹಶೀರನ್ನು ವಿವರಿಸಲಾಗಿತ್ತು. ಮತ್ಸ್ಯಶಾಸ್ತ್ರಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಕಾವೇರಿಯ ಗೂನುಬೆನ್ನಿನ ಮೀನೂ ಅದೇ ಪ್ರಭೇದವೆಂದು ಮೈಕಟ್ಟು ಮತ್ತು ಡಿ.ಎನ್.ಎ. ಎರಡರಿಂದಲೂ ಸ್ಥಿರಪಟ್ಟಿತು. ಹೆಸರಿಲ್ಲದ ಜೀವಿಯನ್ನು ಅಪಾಯದ ಪಟ್ಟಿಗೆ ಸೇರಿಸುವುದು ಸುಲಭವಲ್ಲ. ಹೆಸರು ನಿಶ್ಚಯವಾದ ವರ್ಷವೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು 'ತೀವ್ರ ಅಳಿವಿನಂಚಿನ' ಜೀವಿಯೆಂದು ದಾಖಲಾಯಿತು. ಅದೇ ಪಟ್ಟಿ ಖುದ್ರೀಯನ್ನು 'ಸದ್ಯಕ್ಕೆ ಕಾಳಜಿ ಬೇಡ' ಎಂಬ ಸಾಲಿಗೆ ಇಳಿಸಿತು. ಭೀಮೆಯ ಮೀನು ಬದುಕಿತು. ಕಾವೇರಿಯ ಮೀನಿನ ಸರದಿ ಬಂತು.

ಮತ್ತೆ ಉಜನಿಯ ಕಡೆಗೆ

ಕಾವೇರಿಯಲ್ಲಿ ಭೀಮೆಯ ಮೀನು ಅತಿಥಿಯಾಗಿ ಹೋಗಿ ಯಜಮಾನನಾದಂತೆ, ಭೀಮೆಯಲ್ಲಿಯೂ ಅತಿಥಿಗಳು ಯಜಮಾನರಾಗಿದ್ದಾರೆ. 1980ರಲ್ಲಿ ಉಜನಿ ಅಣೆಕಟ್ಟು ಪೂರ್ಣಗೊಂಡಾಗ ಹರಿಯುವ ಹೊಳೆಯ ಬಹುದೂರ ನಿಂತ ನೀರಾಯಿತು. ಗರಸು ಮುಳುಗಿತು, ಮೇಲೇರುವ ದಾರಿ ನಿಂತಿತು. ರಭಸದ ನೀರಿಗೆ ಹೊಂದಿಕೊಂಡಿದ್ದ ಮೀನುಗಳಿಗೆ ಅದು ಪರದೇಶ. ನಿಂತ ನೀರನ್ನು ಬಯಸುವ ಚಿಲಾಪಿಗೆ ಮಾತ್ರ ಸ್ವರ್ಗ.

ಕರ್ನಾಟಕದಲ್ಲಿ ಜಿಲೇಬಿ ಮೀನು ಎನ್ನುವುದೂ ಇದನ್ನೇ. 1952ರಲ್ಲಿ ಮೊದಲು ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯಾ ಎಂಬ ಹೆಸರೇ ಜನರ ಬಾಯಲ್ಲಿ ಹೀಗೆಲ್ಲ ತಿರುಗಿದೆ. ಇದರ ಯಶಸ್ಸಿನ ಗುಟ್ಟು ತಾಯಿಯ ಬಾಯಿಯಲ್ಲಿದೆ. ತಾಯಿಮೀನು ಮೊಟ್ಟೆಗಳನ್ನು ತನ್ನ ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಪಾಯ ಕಂಡಾಗ ಮರಿಗಳು ಮತ್ತೆ ಬಾಯೊಳಗೆ ಸೇರುತ್ತವೆ. ಎಲ್ಲವನ್ನೂ ತಿನ್ನುತ್ತದೆ, ಬೇಗ ಬೆಳೆದು ಬೇಗ ಮರಿ ಹಾಕುತ್ತದೆ, ಕೊಳಕು ನೀರಿಗೂ ಉಪ್ಪು ನೀರಿಗೂ ಅಂಜುವುದಿಲ್ಲ. ಉಜನಿಯ ದಂಡೆಯ ಎಷ್ಟೋ ಬಡ ಮೀನುಗಾರರ ಒಲೆ ಉರಿಯುವುದು ಈ ಮೀನಿನಿಂದಲೇ ಎಂಬುದನ್ನು ಮರೆಯುವಂತಿಲ್ಲ. ತಪ್ಪು ಮೀನಿನದೂ ಅಲ್ಲ, ಬಲೆ ಬೀಸುವವರದೂ ಅಲ್ಲ. ಆದರೆ ಬಲೆಗೆ ಅದೊಂದೇ ಬೀಳತೊಡಗಿದರೆ ಸೈಕ್ಸ್ ಬರೆದುಕೊಂಡ ಹೆಸರುಗಳನ್ನು ಹೇಳಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಇನ್ನೊಂದು ಅತಿಥಿ ಆಫ್ರಿಕಾದ ಮಾಂಗೂರ್. ಸಿಕ್ಕ ಮೀನನ್ನೆಲ್ಲ ನುಂಗುವ ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಕಾನೂನಿಗೆ ಸಿಗದ ದಾರಿಯೊಂದು ಮಾತ್ರ ಪ್ರತಿ ಮನೆಯಲ್ಲಿದೆ. ಅದು ಗಾಜಿನ ತೊಟ್ಟಿ. ತೊಟ್ಟಿಯ ಗಾಜನ್ನು ಶುಚಿಯಾಗಿಡಲೆಂದು ತರುವ, ಮೈಮೇಲೆ ಗಟ್ಟಿ ಕವಚವುಳ್ಳ ದಕ್ಷಿಣ ಅಮೆರಿಕದ ಮೀನು ಬೆಳೆದು ದೊಡ್ಡದಾದಾಗ 'ಪಾಪ, ಕೊಲ್ಲಬಾರದು' ಎಂದು ಜನ ಅದನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ದಕ್ಷಿಣ ಭಾರತದ ಹಲವು ಕೆರೆ ನದಿಗಳಲ್ಲಿ ಅದು ಈಗ ಮೀನುಗಾರರ ಬಲೆ ಹರಿಯುವ ಪೀಡೆಯಾಗಿದೆ. ಒಂದು ಜೀವಕ್ಕೆ ತೋರಿದ ಕರುಣೆ ಆ ನೀರಿನ ಉಳಿದ ಜೀವಗಳಿಗೆ ಮೃತ್ಯುವಾಗಬಲ್ಲದೆಂಬುದಕ್ಕೆ ಕಾವೇರಿಯ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಸಾಕಲಾಗದ ಮೀನನ್ನು ತಂದ ಅಂಗಡಿಗೇ ಮರಳಿಸಬೇಕು. ಇಲ್ಲವೆ ಸಾಕುವ ಬೇರೆ ಮನೆಗೆ ಕೊಡಬೇಕು. ಸಿದ್ಧೇಶ್ವರ ಕೆರೆಗೆ ಮಾತ್ರ ಬಿಡಬಾರದು.

ಆ ಕೆರೆ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕಟ್ಟಿಸಿದ್ದು. ಕೆರೆ ಕಟ್ಟಿಸುವುದನ್ನೇ ಪೂಜೆಯೆಂದು ಬಗೆದ ಶರಣರ ಊರಿನಲ್ಲಿ, ಕೆರೆಯೊಳಗಿನ ಜೀವಗಳನ್ನು ತಿಳಿಯುವುದೂ ಮಕ್ಕಳ ವಿದ್ಯೆಯ ಭಾಗವಾಗಬೇಡವೆ? ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದರೆ ಸಾಕು. ಮೊದಲನೆಯ ಸಾಲು ಮನೆಯ ಅಜ್ಜ ಅಜ್ಜಿಯರೂ ಅಂಬಿಗರೂ ಹೇಳುವ ಕನ್ನಡದ ಹೆಸರಿಗೆ, ಎರಡನೆಯದು ದಂಡೆಯ ಭೋಯಿ, ಕೋಳಿ ಜನ ಹೇಳುವ ಮರಾಠಿಯ ಹೆಸರಿಗೆ, ಮೂರನೆಯದು ವಿಜ್ಞಾನದ ಶಿಕ್ಷಕರು ಹುಡುಕಿಕೊಡುವ ಹೆಸರಿಗೆ. ಅಕ್ಕಲಕೋಟದ ಹಳ್ಳಿಗಳಲ್ಲಿ ಎರಡು ನುಡಿಯನ್ನೂ ಆಡುತ್ತ ಬೆಳೆಯುವ ಕನ್ನಡ ಶಾಲೆಯ ಮಕ್ಕಳಿಗಿಂತ ಈ ಕೆಲಸಕ್ಕೆ ಹೆಚ್ಚು ಅರ್ಹರು ಸಿಗಲಾರರು.

ಎರಡು ಮೀನುಗಳಿಗೆ ಒಂದೇ ಹೆಸರಿಟ್ಟುದರಿಂದ ಕಾವೇರಿಯ ಮೀನು ಕಣ್ಣೆದುರೇ ಕಾಣೆಯಾಗತೊಡಗಿತು. ಭೀಮೆಯ ದಂಡೆಯಲ್ಲಿ ಇನ್ನೂ ಹೆಸರು ಬಲ್ಲ ಹಿರಿಯರಿದ್ದಾರೆ. ಬರುವ ದೀಪಾವಳಿ ರಜೆಯಲ್ಲಿ ಟಾಕಳಿಯ ಕಡೆಗೋ ಹತ್ತರಸಂಗ ಕೂಡಲಕ್ಕೋ ಹೋಗುವ ಮನೆಯವರು ಆ ನೋಟ್‌ಬುಕ್ಕನ್ನು ಚೀಲದಲ್ಲಿ ಇಟ್ಟುಕೊಂಡು ಹೋದರೆ, ಮೊದಲ ಪುಟ ಅಲ್ಲಿಯೇ ತುಂಬೀತು.